ಲೆನ್ಸಿನ ಕಂದಿದ ಬಳೆ

ಲೆನ್ಸಿನ ಬಳೆಯ ಕಪ್ಪು ಬಣ್ಣ ಬಿಸಿಲಿಗೆ ಕಂದುತ್ತದೆಂದು ನನಗೆ ಮೊದಲು ಹೇಳಿದವರು ಕುಂದಾಪುರದ ಕ್ಯಾಮೆರಾ ರಿಪೇರಿಯ ವಾಸಣ್ಣ. ಅದೂ ನಾನು ಅವರನ್ನು ಕಳ್ಳ ಎಂದ ಮೇಲೆ.

ರಿಪೇರಿಯಾಗಿ ಬಂದ ನನ್ನ ಹಳೆಯ ಲೆನ್ಸನ್ನು ಅಂಗಳದ ಬಿಸಿಲಲ್ಲಿ ನೋಡಿದರೆ ಸುತ್ತಲಿನ ಕಪ್ಪು ಲೋಹದ ಬಳೆಗಳಲ್ಲಿ ಒಂದು ಮಾತ್ರ ಕಂದು ಬಣ್ಣಕ್ಕಿತ್ತು. ಬದಲಾಯಿಸಿದ್ದಾರೆಂದೇ ತಿಳಿದು ಅಂಗಡಿಗೆ ಹೋಗಿ, "ಬದ್ಲ್ಸಲಿಲ್ಲ ಅಂತ ಆನೆಗುಡ್ಡೆ ಗಣಪತಿ ಮೇಲೆ ಆಣೆ ಹಾಕಿ ಕಾಂಬ" ಎಂದೆ.

ವಾಸಣ್ಣ ಆಣೆ ಹಾಕಲಿಲ್ಲ. ಬಳೆ ಬಿಚ್ಚಿ, ಬಿಸಿಲು ಕಾಣದ ಒಳ ಅಂಚು ತೋರಿಸಿದರು. ಕಡುಗಪ್ಪು.

"ಹ್ವಾಯ್, ಇದ್ ಪೈಂಟಲ್ಲ, ಅಲ್ಯೂಮಿನಿಯಂಗೆ ಕುಡ್ಸಿದ್ ಬಣ್ಣ. ವರ್ಷಗಟ್ಲೆ ಬಿಸ್ಲಿಗೆ ಕಂದತ್ತ್. ಇದಕ್ಕೆ ದೇವ್ರನ್ ಎಂತಕ್ಕೆ ಕರೀತ್ರಿ, ಸ್ಕ್ರೂಡ್ರೈವರ್ ಸಾಕಲ್ದಾ?"

ಅದೇ ಗಣಪತಿಯ ಸಂಕಷ್ಟಿ ಉಪವಾಸದಲ್ಲಿದ್ದುಕೊಂಡೇ, ಅಂಗಡಿಗೆ ಬರುವಾಗ ಬಸ್ರೂರು ಬಸ್ಸಿನಲ್ಲಿ ನಾನು ಐದಾರು ಜನರಿಗೆ ವಾಸಣ್ಣನ ಕಳ್ಳತನದ ಕಥೆ ಹೇಳಿಯಾಗಿತ್ತು. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಇದನ್ನೂ ಅಷ್ಟೇ ಬೇಗ ನಾಲ್ಕು ಜನರಿಗೆ ಹೇಳಿ.