ರೂಟರಿಗೆ ಇಟ್ಟ ಬೊಟ್ಟು

ಕುಂಕುಮ ಇಟ್ಟ ವಸ್ತು ಕೈಕೊಡುವುದಿಲ್ಲ ಎಂಬುದು ಸೇಲಂನ ನಮ್ಮ ನೇಕಾರರ ಮನೆಗಳ ನಂಬಿಕೆ. ಅಮಾವಾಸ್ಯೆಯ ದಿನ ನಾವು ನೇಯುವುದಿಲ್ಲ. ಮಗ್ಗ ಒರೆಸಿ, ಲಾಳಿಗೂ ಅರಿಶಿನ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ ಸುಮ್ಮನೆ ಕೂರುತ್ತೇವೆ. ಸುಮ್ಮನೆ ಕೂರಲು ಬಾರದ ನನ್ನಂಥವರು ಒರೆಸಲು ಇನ್ನೇನಾದರೂ ಉಳಿದಿದೆಯೇ ಎಂದು ಮನೆಯೆಲ್ಲ ಹುಡುಕುತ್ತಾರೆ.

ಹೋದ ಅಮಾವಾಸ್ಯೆಗೆ ನನಗೆ ಸಿಕ್ಕಿದ್ದು ತಂಗಿ ಗೌರಿಯ ಕಂಪ್ಯೂಟರು, ಅದರ ಪಕ್ಕದ ರೂಟರು. ಅವಳೂ ಹರೂರಿನ ಗೆಳತಿ ಮಲರೂ ಸೇರಿ ನಡೆಸುವ, ನೀವು ಈಗ ಓದುತ್ತಿರುವ ಈ ಬ್ಲಾಗಿನ ಬರಹಗಳೆಲ್ಲ ಇರುವುದು ಆ ಕಂಪ್ಯೂಟರಿನೊಳಗೆ. ಶಾಲೆ ಬಿಟ್ಟು ಬೇಗನೆ ಮಗ್ಗದ ಗುಂಡಿಗೆ ಇಳಿದ ನಾನು ತಿಳಿದಿರುವುದು ಇಷ್ಟು: ತಾಣವನ್ನು ಕಂಟೇನರ್ ಎಂಬ ಡಬ್ಬಿಗಳಲ್ಲಿ ಕಟ್ಟಿಟ್ಟಿದ್ದಾರೆ, ಪುಟದ ಡಬ್ಬಿ ಎಲ್ಲೋ ಬಾಡಿಗೆಯ ಯಂತ್ರದಲ್ಲಿ, ಬರಹದ ಡಬ್ಬಿ ನಮ್ಮ ಮನೆಯಲ್ಲಿ, ಪುಟ ಕೇಳಿದ್ದನ್ನು ಒಳಗಿಂದ ಎತ್ತಿಕೊಡುವ ಕಿಂಡಿಗೆ ಎಪಿಐ ಎಂದು ಹೆಸರು. ನಾನು ವೈರುಗಳನ್ನೆಲ್ಲ ಕಿತ್ತು, ಧೂಳು ಹೊಡೆದು, ಬೊಟ್ಟಿಟ್ಟು, ಮತ್ತೆ ಸಿಕ್ಕಿಸಿದೆ. ದೀಪಗಳು ಹೊತ್ತಿಕೊಂಡವು. ಬೀಗಿದೆ.

ಅಂದೇ ಮಧ್ಯಾಹ್ನ ನಿಮ್ಮಲ್ಲಿ ಹಲವರು ದೂರಿದಿರಿ: ಪುಟ ತೆರೆಯುತ್ತದೆ, ಬರಹ ಒಂದೂ ಇಲ್ಲ. ಗೌರಿ ಮನೆಯೊಳಗಿಂದ ಕಿಂಡಿ ತಟ್ಟಿದರೆ ಉತ್ತರ ಬರುತ್ತಿತ್ತು. ಹೊರಗಿಂದ ತಟ್ಟಿದರೆ ಮೌನ.

"ಅಣ್ಣಾ, ಇದನ್ನ ಯಾರಾದ್ರೂ ಆಫ್ ಮಾಡುದ್ರಾ?"

"ಇಲ್ಲಮ್ಮಾ," ಎಂದೆ. ಯೋಚಿಸುವ ಮೊದಲೇ ಬಾಯಿ ಹೇಳಿಯಾಗಿತ್ತು.

ಹಾಗಾದರೆ ಹಿಂದಿನ ದಿನ ಕೋಡ್ ತಿದ್ದಿದ ಮಲರದೇ ತಪ್ಪು ಎಂದಾಯಿತು. ಈ ಬ್ಲಾಗಿಗೆ ಬರೆಯುವವರೆಲ್ಲ ಇದ್ದ ಗ್ರೂಪ್ ಕಾಲ್‌ನಲ್ಲೇ ಗೌರಿ ಸಿಡಿದಳು: "ಗೊತ್ತಿಲ್ದೆ ಯಾಕ್ಲೇ ಕೈ ಇಕ್ಕಿದೆ? ಇನ್ಮೇಲೆ ಇದ್ರ ಸಾವಾಸಕ್ಕೇ ಬರ್ಬೇಡ!"

"ಸತ್ಯವಾ ನಾನಲ್ಲ ಗೌರಿ," ಎಂದಳು ಮಲರ್. ಯಾರೂ ನಂಬಲಿಲ್ಲ. ಕಂಪ್ಯೂಟರಾದರೂ 'ತಲುಪಲಾಗಲಿಲ್ಲ' ಎಂದು ಕೆಂಪಕ್ಷರದಲ್ಲಿ ಕೂಗಿಕೊಳ್ಳುತ್ತಿತ್ತು. ಅದೇ ಕೋಣೆಯಲ್ಲಿದ್ದ ನಾನು ತಲೆ ತಗ್ಗಿಸಿ ವೀಳ್ಯದೆಲೆಯ ನಾರು ತೆಗೆಯುತ್ತಿದ್ದೆ.

ಮಲರ್ ತಿದ್ದಿದ್ದನ್ನೆಲ್ಲ ಅಳಿಸಿದರೂ ಪುಟ ಖಾಲಿಯೇ. ಕೊನೆಗೆ ವೈರು ನೋಡಲು ಬಗ್ಗಿದ ಗೌರಿ ರೂಟರಿನ ನೆತ್ತಿ ಕಂಡು ದಂಗಾದಳು.

"ಅಯ್ಯೋ ಕಡವುಳೇ! ಇದ್ಕೂ ಪೂಜೆ ಮಾಡುದ್ಯಾ ಅಣ್ಣಾ?"

ರೂಟರ್ ಆರಿಸಿ ಹೊತ್ತಿಸಿದರೆ ಮನೆಯ ಇಂಟರ್ನೆಟ್ ನಂಬರೇ ಬದಲಾಗಬಹುದಂತೆ. ಪುಟ, ಪಾಪ, ಹಳೆಯ ನಂಬರಿನ ಬಾಗಿಲನ್ನೇ ತಟ್ಟುತ್ತಿತ್ತು. ಗೌರಿ ಹೊಸ ನಂಬರು ಬರೆದೊಡನೆ ಬರಹಗಳೆಲ್ಲ ಬಂದವು. ವೈರು ಕಿತ್ತರೆ ಮನೆಯ ವಿಳಾಸವೇ ಹೋದೀತೆಂದು ತಿಳಿದು ಬೆಚ್ಚಿದೆ. ಅದಕ್ಕಿಂತ, ಅಷ್ಟು ಸಲೀಸಾಗಿ ಸುಳ್ಳಾಡುವವನೊಬ್ಬ ನನ್ನೊಳಗೆ ಇಷ್ಟು ಕಾಲ ವಾಸವಾಗಿದ್ದನಲ್ಲ ಎಂಬ ಬೆರಗು ಇವತ್ತಿಗೂ ಇಳಿದಿಲ್ಲ.

ಮಲರ್ ನಮ್ಮಿಬ್ಬರ ಫೋನನ್ನೂ ಎತ್ತಲಿಲ್ಲ. ಮರುದಿನ ಹರೂರಿನ ಬಸ್ಸು ಹತ್ತಿ, ಅವಳ ಮನೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ನೀರು ಕೊಟ್ಟಳು.

"ನಂಗೊಬ್ಳಿಗೆ ಏಳುದ್ರೆ ಏನ್ ಬಂತಣ್ಣಾ? ನಾನು ಬೈಸ್ಕೊಂಡಿದ್ದು ಎಲ್ರ ಮುಂದೆ ತಾನೆ?"

ನೀರು ಕುಡಿದು, ಲೋಟ ಕೊಟ್ಟು, ಸೇಲಂನ ಬಸ್ಸು ಹತ್ತಿದೆ.

ಆದ್ದರಿಂದ ಈ ಬರಹ. ಅಂದು ಖಾಲಿ ಪುಟ ನೋಡಿ ಮಲರನ್ನು ಬೈದುಕೊಂಡವರೆಲ್ಲ ದಯವಿಟ್ಟು ಓದಿಕೊಳ್ಳಿ: ಕೆಡಿಸಿದ್ದು ಅವಳಲ್ಲ, ನಾನು; ಗೊತ್ತಿದ್ದೂ ಬಾಯಿ ಬಿಡದವನೂ ನಾನೇ. ಅವಳು ಇನ್ನೂ ಕೆಲಸಕ್ಕೆ ಮರಳಿಲ್ಲ. ಇದನ್ನು ಓದಿದ ಮೇಲೂ ಬಾರದಿದ್ದರೆ ಅದು ಅವಳ ಹಕ್ಕು.