ಮುಂದಕ್ಕೆ ಒಂದೇ ಗೇರಿನ ಜೀಪು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದನ್ನು ನಾನಾಗಿ ಯಾರಿಗೂ ಹೇಳಿಕೊಳ್ಳಬೇಕಾಗಿಲ್ಲ. ಆ ಕೆಲಸವನ್ನು ನನ್ನ ಹೆಂಡತಿಯ ತಮ್ಮ ವಹಿಸಿಕೊಂಡಿದ್ದಾನೆ. ಅವನು ಹೈಸ್ಕೂಲು ಮೇಷ್ಟ್ರು. ತೊಂಬತ್ತರ ದಶಕದ ನಡುವೆ ಒಂದು ಯುಗಾದಿಗೆ ಗೆಂಡೆಹಳ್ಳಿಯ ಅವರ ಮನೆಯಲ್ಲಿ ಎಲೆ ಮುಂದೆ ಕೂತಿದ್ದೆವು. ಅವನು ಆಗಷ್ಟೇ ಹೊಸ ಸ್ಕೂಟರು ಕೊಂಡಿದ್ದ. ಅದರ ಇಂಜಿನ್ನು ಹೇಗೆ ಕೆಲಸ ಮಾಡುತ್ತದೆಂದು ನನಗೆ ಪಾಠ ಶುರು ಮಾಡಿದ. ನನಗೆ ಅಂದರೆ, ಹಗರೆಯಲ್ಲಿ ಹತ್ತಾರು ವರ್ಷದಿಂದ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿರುವವನಿಗೆ. ನಾನು ಸುಮ್ಮನೆ ಒಬ್ಬಟ್ಟು ತಿನ್ನಬಹುದಿತ್ತು.

"ಇಂಥ ಸ್ಕೂಟರ್‍ನ ನಾನು ಕಣ್ಮುಚ್ಕೊಂಡು ಬಿಚ್ಚಿ ಜೋಡಿಸ್ತೀನಿ" ಅಂದೆ.

"ಪಂಪ್‌ಸೆಟ್ ಬೇರೆ, ಗಾಡಿ ಬೇರೆ ಭಾವ" ಅಂತ ಅವನು ನಕ್ಕ. "ಅದು ನಿಂತಲ್ಲೇ ತಿರುಗ್ತದೆ. ಗಾಡಿ ಮುಂದಕ್ಕೆ ಹೋಗ್ಬೇಕು. ಅದಕ್ಕೆ ಸ್ವಲ್ಪ ಓದಿರ್ಬೇಕು."

ಕೈಯಲ್ಲಿದ್ದ ತುತ್ತನ್ನು ಎಲೆಗೇ ಹಾಕಿದೆ. "ನನ್ನ ಕೈಯಾರೆ ಒಂದು ಜೀಪು ಕಟ್ಟಿ, ಅದರಲ್ಲೇ ನಿಮ್ಮಕ್ಕನ್ನ ಕೂರಿಸ್ಕಂಡು ಬತ್ತೀನಿ. ಅಲ್ಲೀಗಂಟ ಈ ಮನೆ ಮೆಟ್ಟಿಲು ತುಳಿಯಾಕಿಲ್ಲ" ಅಂದೆ. ಜೀಪೇ ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಎರಡು ಚಕ್ರದ ಅವಮಾನಕ್ಕೆ ನಾಲ್ಕು ಚಕ್ರದ ಉತ್ತರ ಇರಲಿ ಅನ್ನಿಸಿರಬೇಕು. ಅತ್ತೆ ಪಾಯಸದ ಸೌಟು ಹಿಡಿದು ನಿಂತೇ ಇದ್ದರು. ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಆಗ ನಾನು ಮೆಚ್ಚುಗೆ ಅಂದುಕೊಂಡಿದ್ದೆ.

ಜೀಪು ಸಿಕ್ಕಿದ್ದು ಅರಸೀಕೆರೆಯಲ್ಲಿ, ಕೊಬ್ಬರಿ ಮಂಡಿಯವರೊಬ್ಬರ ಗೋದಾಮಿನ ಹಿಂದೆ. ಹುಣಸೆ ಮರದ ಕೆಳಗೆ ಅದು ಎಷ್ಟು ವರ್ಷ ನಿಂತಿತ್ತೆಂದರೆ ಒಳಗೊಂದು ಬೇವಿನ ಸಸಿ ಸೀಟಿನಷ್ಟು ಎತ್ತರಕ್ಕೆ ಬೆಳೆದು ಡ್ರೈವರಿನ ಜಾಗದಲ್ಲಿ ಕೂತಿತ್ತು. ಇಂಜಿನ್ನು ಇರಲಿಲ್ಲ. ನೆಲದ ತಗಡನ್ನು ತುಕ್ಕು ತಿಂದಿತ್ತು. ಗೇರ್‌ಬಾಕ್ಸು ಮಾತ್ರ ಗಟ್ಟಿಯಾಗಿತ್ತು. "ಬಂಗಾರದಂಥ ಗಾಡಿ" ಅಂದರು ಮಾರಿದವರು. ಮಾರುವವರು ಇನ್ನೇನನ್ನುತ್ತಾರೆ? ಟ್ರಾಕ್ಟರಿಗೆ ಕಟ್ಟಿ ಊರಿಗೆ ಎಳೆದು ತಂದೆ. ಕೊಟ್ಟಿಗೆಯಲ್ಲಿದ್ದ ಹಸುವನ್ನು ಹಿತ್ತಲಿಗೆ ಕಟ್ಟಿ, ಕೊಟ್ಟಿಗೆಯನ್ನು ಗ್ಯಾರೇಜು ಮಾಡಿದೆ.

ನಮ್ಮೂರಲ್ಲಿ ನನ್ನ ಬಿಟ್ಟರೆ ಜೀಪು ಓಡಿಸಬಲ್ಲವರು ಯಾರೂ ಇರಲಿಲ್ಲ. ರಿಪೇರಿ ಬಲ್ಲವರು ಮಾತ್ರ ಮನೆಗಿಬ್ಬರಂತೆ ಇದ್ದರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿದವರೆಲ್ಲ ಖಾಲಿ ಕ್ಯಾನು ಹಿಡಿದುಕೊಂಡೇ ನನ್ನ ಕೊಟ್ಟಿಗೆಗೆ ಬಂದು ಸಲಹೆ ಸುರಿಯುತ್ತಿದ್ದರು.

"ಏನ್ಲಾ, ಇದು ಓಡ್ತದಾ?"

"ಓಡ್ದೆ ಇದ್ರೆ ಕೋಳಿಗೂಡಾದ್ರೂ ಆಯ್ತದೆ ಬಿಡ್ಲಾ."

ಡ್ರಮ್ಮು ಒಡೆದು ನೆಲಕ್ಕೆ ತಗಡು ಹಾಕಿದೆ. ಯಾರದೋ ಟ್ರಾಕ್ಟರಿನ ಟ್ರೇಲರಿಗೆ ಬಳಿದು ಉಳಿದಿದ್ದ ನೀಲಿ ಬಣ್ಣ ಹೊಡೆದೆ. ಬ್ರೇಕು, ಸ್ಟೇರಿಂಗು, ಸ್ಪ್ರಿಂಗು ಎಲ್ಲ ಬಿಚ್ಚಿ ಜೋಡಿಸಿದೆ. ದಿನವಿಡೀ ಅಂಗಡಿಯಲ್ಲಿ ಊರವರ ಮೋಟರು, ಸಂಜೆ ಮನೆಯಲ್ಲಿ ನನ್ನ ಜೀಪು. ಇಷ್ಟಾದರೂ ಎರಡು ವರ್ಷ ಹಿಡಿಯಿತು.

ಆ ಎರಡು ವರ್ಷದಲ್ಲಿ ಎರಡು ಗೌರಿ ಹಬ್ಬ ಬಂದು ಹೋದವು. ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳು ಅವತ್ತು ತವರಿಗೆ ಹೋಗಿ ಗೌರಿ ಮುಂದೆ ತಾಯಿಯ ಕೈಯಿಂದ ಮೊರದ ಬಾಗಿನ ಪಡೆಯುತ್ತಾರೆ. "ನೀನು ಬಸ್ಸಲ್ಲಿ ಹೋಗು, ನಾನೇನು ಬ್ಯಾಡ ಅಂದ್ನಾ?" ಅಂತ ನಾನು ಬಹಳ ಉದಾರವಾಗಿ ಹೇಳಿದೆ.

"ಹಬ್ಬದ ದಿವ್ಸ ಗಂಡ ಇಲ್ದೆ ಒಬ್ಳೇ ಹೋಗಿ ಇಳುದ್ರೆ ಕೇರಿಯೋರೆಲ್ಲ ಏನಾಯ್ತಮ್ಮ ಅಂತಾರೆ. ನಮ್ಮವ್ವ ಅತ್ಕೊಂಡು ಕೂತ್ಕೊತಾಳೆ. ನಿಮ್ಮ ಹಟ ನೀವು ಇಟ್ಕಳಿ, ನನ್ನ ಮಾನ ನಂಗಿರ್ಲಿ" ಅಂದಳು ಅವಳು.

ಎರಡು ಸಲವೂ ಬಾಮೈದನೇ ಸ್ಕೂಟರಿನಲ್ಲಿ ಬಾಗಿನ ತಂದುಕೊಟ್ಟ. ಎರಡು ಸಲವೂ ನಾನು ಜೀಪಿನ ಅಡಿಯಲ್ಲಿ ಮಲಗಿ, ತುಂಬಾ ಕೆಲಸವಿರುವವನಂತೆ, ಅವನಿಗೆ ಕಾಲು ಮಾತ್ರ ತೋರಿಸಿದೆ. ಅವನು ಹೋದ ಮೇಲೆ ಅವಳು ಒಳಗೆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ನೋಡಿದರೂ ನೋಡದವನ ಹಾಗೆ ಕೈ ತೊಳೆಯಲು ಹೋದೆ.

ಮೂರನೇ ವರ್ಷ ಇಂಜಿನ್ನಿನ ಯೋಚನೆ ಹೊಳೆಯಿತು. ಬಾವಿಗಳಿಗೆ ಕರೆಂಟು ಬಂದ ಮೇಲೆ ಹಳೆಯ ಡೀಸೆಲ್ ಪಂಪ್‌ಸೆಟ್ಟು ಇಂಜಿನ್ನುಗಳು ಎಲ್ಲರ ತೋಟದಲ್ಲೂ ಬಿದ್ದಿದ್ದವು. ಅದರ ಒಳಹೊರಗು ನನಗೆ ನನ್ನ ಅಂಗೈಯಷ್ಟೇ ಗೊತ್ತು. ಒಂದನ್ನು ತಂದು ಜೀಪಿನ ಮೂತಿಗೆ ಕೂರಿಸಿದೆ. ಅದಕ್ಕೆ ಎರಡು ಕಡೆಯೂ ದೊಡ್ಡ ಚಕ್ರ. ಯಾವ ಕಡೆಯಿಂದಲಾದರೂ ಗೇರ್‌ಬಾಕ್ಸಿಗೆ ಜೋಡಿಸಬಹುದು. ಹ್ಯಾಂಡಲು ಹೊಡೆಯುವ ಕಡೆ ಮುಂದಕ್ಕೆ ಬರಲಿ, ಹಳೇ ಕಾಲದ ಬಸ್ಸಿನಂತೆ ಗತ್ತಾಗಿರುತ್ತದೆ ಅಂತ ನಾನು ತೀರ್ಮಾನಿಸಿದೆ. ಗಟ್ಟಿಯಾಗಿ ವೆಲ್ಡಿಂಗ್ ಮಾಡಿಸಿದೆ. ನನ್ನ ಕೆಲಸ ಯಾವತ್ತೂ ಗಟ್ಟಿ.

ಗೌರಿ ಹಬ್ಬಕ್ಕೆ ಇನ್ನು ಎರಡೇ ದಿನ. ಬೆಳಿಗ್ಗೆ ನಿಂಬೆಹಣ್ಣು ಇಟ್ಟು, ಕರ್ಪೂರ ಹಚ್ಚಿ, ಹ್ಯಾಂಡಲು ಹೊಡೆದೆ. ಡುಗ್ ಡುಗ್ ಅಂತ ಹತ್ತಿಕೊಂಡಿತು. ಡೈರಿಯವರೆಲ್ಲ ಕ್ಯಾನು ಕೆಳಗಿಟ್ಟು ಚಪ್ಪಾಳೆ ಹೊಡೆದರು. ನಾನು ಗಂಭೀರವಾಗಿ ಹತ್ತಿ ಕೂತು, ಒಂದನೇ ಗೇರು ಹಾಕಿ, ಕ್ಲಚ್ಚು ಬಿಟ್ಟೆ. ಜೀಪು ಹಿಂದಕ್ಕೆ ಹೋಗಿ ತಿಪ್ಪೆ ಹತ್ತಿತು.

ಗೇರು ತಪ್ಪಿರಬೇಕೆಂದು ಎರಡನೆಯದು ಹಾಕಿದೆ. ಇನ್ನೂ ಜೋರಾಗಿ ಹಿಂದಕ್ಕೆ ಹೋಗಿ ಹುಲ್ಲಿನ ಮೆದೆಯೊಳಗೆ ಅರ್ಧ ಮುಳುಗಿತು. ಮೂರನೆಯದನ್ನು ಪರೀಕ್ಷಿಸುವ ಧೈರ್ಯ ಬರಲಿಲ್ಲ. ಕಡೆಗೆ ಹಿಂದಕ್ಕೆ ಹೋಗುವ ಗೇರು ಹಾಕಿದೆ. ಜೀಪು ಮೆಲ್ಲಗೆ, ನಾಚಿಕೊಂಡು, ಮುಂದಕ್ಕೆ ಬಂತು. ಜೋಡಿಸಬಾರದ ಕಡೆಯಿಂದ ಜೋಡಿಸಿದ್ದೆ. ಗೇರ್‌ಬಾಕ್ಸು ಉಲ್ಟಾ ತಿರುಗುತ್ತಿತ್ತು.

ಊರವರ ಮೋಟರು ನೀರೆತ್ತದಿದ್ದಾಗ ಹೋಗಿ, ವೈರು ನೋಡಿ, "ಅಷ್ಟೂ ಗೊತ್ತಾಗಾಕಿಲ್ವಾ? ಉಲ್ಟಾ ತಿರುಗ್ತಾ ಐತೆ, ಫೇಸ್ ಬದಲಾಯ್ಸಿ" ಅಂತ ಬೈದು, ಎರಡು ವೈರು ಅದಲುಬದಲು ಮಾಡಿ ಬದುಕಿದವನು ನಾನು.

"ಫೇಸ್ ಬದಲಾಯ್ಸಣ್ಣೋ!" ಅಂತ ಹಿಂದಿನಿಂದ ಒಬ್ಬ ಕೂಗಿದ. ಇಡೀ ಡೈರಿ ನಕ್ಕಿತು. ಕೂಗಿದವನ ಮೋಟರನ್ನು ನಾನು ಒಂದು ವಾರದ ಹಿಂದಷ್ಟೇ ಬೈದು ಸರಿಮಾಡಿದ್ದೆ.

ವೆಲ್ಡಿಂಗ್ ಕತ್ತರಿಸಿ ಇಂಜಿನ್ನು ತಿರುಗಿಸಲು ಎರಡು ದಿನ ಯಾವ ಮೂಲೆಗೂ ಸಾಲದು. ಹೆಂಡತಿಗೆ "ಮುಂದಿನ ವರ್ಷ…" ಅಂತ ಶುರು ಮಾಡಿದೆ.

"ಜೀಪಲ್ಲಿ ಕರ್ಕಂಡೋಯ್ತೀನಿ ಅಂದ್ರಿ" ಅಂದಳು. "ಎಷ್ಟನೇ ಗೇರಲ್ಲಿ ಅಂತ ಹೇಳ್ಲಿಲ್ವಲ್ಲ. ಮುಂದಕ್ಕೆ ಹೋಗೋದು ಒಂದು ಐತೋ ಇಲ್ವೋ?"

"ಐತೆ, ಆದ್ರೆ ಎತ್ತಿನ ಗಾಡಿ ಥರ ಹೋಗ್ತದೆ ಕಣೇ. ದಾರಿಲಿ ಜನ ನೋಡಿ ನಗ್ತಾರೆ."

"ಎರಡು ವರ್ಷ ಜನ ನನ್ನ ನೋಡಿದ್ರು. ಈ ಸಲ ನಿಮ್ಮನ್ನ ನೋಡ್ಲಿ."

ಹಬ್ಬದ ದಿನ ನಸುಕಿಗೇ ಹೊರಟೆವು. ಅವಳು ರೇಷ್ಮೆ ಸೀರೆ ಉಟ್ಟು, ತಾಯಿಗೆ ಕೊಡುವ ಬಾಗಿನವನ್ನು ತೊಡೆಯ ಮೇಲಿಟ್ಟುಕೊಂಡು ರಾಣಿಯಂತೆ ಕೂತಿದ್ದಳು. ರಿವರ್ಸ್ ಗೇರಿನ ಆ ವೇಗದಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದು, ಬೇಜಾರಾಗಿ, ಮುಂದೆ ಹೋಗಿಬಿಟ್ಟವು. ಬಸ್ಸೊಂದು ಪಕ್ಕಕ್ಕೆ ಬಂದು ನಿಧಾನಿಸಿತು. ಕಂಡಕ್ಟರು ಕಿಟಕಿಯಿಂದ ತಲೆ ಹೊರಹಾಕಿ "ಯಾವ ತೋಟಕ್ಕಣ್ಣ ನೀರು?" ಅಂದ. ಕೇಳಿದವರಿಗೆಲ್ಲ "ಹೊಸ ಇಂಜಿನ್ನು, ಮೊದಮೊದಲು ಮೆಲ್ಲಗೇ ಓಡಿಸ್ಬೇಕು" ಅನ್ನುತ್ತಾ ಹೋದೆ. ಬೇಲೂರಿನಲ್ಲಿ ದೇವಸ್ಥಾನ ನೋಡಲು ಬಂದಿದ್ದ ಬಿಳಿ ಹೆಂಗಸೊಬ್ಬಳು ಅಷ್ಟು ವರ್ಷದ ಕಲ್ಲಿನ ಕೆಲಸ ಬಿಟ್ಟು ನನ್ನ ತಗಡಿನ ಕೆಲಸದ ಫೋಟೋ ತೆಗೆದಳು. ಅಲ್ಲಿಂದಾಚೆ ಗೇರ್‌ಬಾಕ್ಸು ಕಾದು ನಾಲ್ಕು ಸಲ ನಿಲ್ಲಿಸಿದೆ. ನಾಲ್ಕು ಸಲವೂ ಹೆಂಡತಿ ಬಿಸಿಲು ನೋಡಿದಳು, ನನ್ನನ್ನು ನೋಡಲಿಲ್ಲ.

ಗೆಂಡೆಹಳ್ಳಿ ಸೇರುವಾಗ ಮಧ್ಯಾಹ್ನ ದಾಟಿತ್ತು. ಶಬ್ದ ನಮಗಿಂತ ಮೊದಲೇ ತಲುಪಿ ಕೇರಿಯೆಲ್ಲ ಜಗುಲಿಯ ಮೇಲಿತ್ತು. ಅತ್ತೆ ಊಟ ಮಾಡದೆ ಗೌರಿ ಮುಂದೆ ಮೊರ ಇಟ್ಟುಕೊಂಡು ಕಾದಿದ್ದರು. ಹೆಂಡತಿ ಚಲಿಸುತ್ತಿದ್ದ ಜೀಪಿನಿಂದಲೇ ಇಳಿದು ಒಳಗೆ ಹೋದಳು. ಆ ವೇಗಕ್ಕೆ ನಿಲ್ಲಿಸುವ ಅಗತ್ಯವೂ ಇರಲಿಲ್ಲ. ತಾಯಿ ಮಗಳು ಸೆರಗು ಹೊದಿಸಿ ಬಾಗಿನ ಕೊಟ್ಟು ತೆಗೆದುಕೊಂಡರು. ಅತ್ತೆ ಅಳುತ್ತಿದ್ದರು. ನಾನು ಜೀಪಿನಲ್ಲೇ ಕೂತಿದ್ದೆ.

ಬಾಮೈದ ಜೀಪಿನ ಸುತ್ತ ಎರಡು ಸುತ್ತು ಬಂದ. ಗೇಲಿ ಮಾಡುತ್ತಾನೆಂದು ಹಲ್ಲು ಕಚ್ಚಿ ಕೂತರೆ, ಅವನು ಪಕ್ಕದ ಮನೆಯವರಿಗೆ "ನಮ್ಮ ಭಾವ ಸ್ವಂತ ಕೈಲಿ ಕಟ್ಟಿರೋದು" ಅನ್ನುತ್ತಿದ್ದ. ನನ್ನ ಕಡೆ ತಿರುಗಿ, "ಇಳೀರಿ ಭಾವ, ನಾನೊಂದು ರೌಂಡು ಹೊಡೀತೀನಿ" ಅಂದ. ಅಂಗಳದಲ್ಲಿ ಜೀಪಿನ ಹಿಂದೆಯೇ ಅತ್ತೆಯ ತುಳಸಿಕಟ್ಟೆ ಇತ್ತು. ಅವನು ಒಂದನೇ ಗೇರು ಹಾಕಿದರೆ ಏನಾಗುತ್ತದೆಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ.

"ಬ್ಯಾಡ" ಅಂದೆ. "ಉಲ್ಟಾ ಜೋಡ್ಸಿದೀನಿ. ಮೂರು ಗೇರು ಹಿಂದಕ್ಕೆ. ಮುಂದಕ್ಕೆ ಒಂದೇ."

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ನಕ್ಕ, ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕ. "ಹಗರೆಯಿಂದ ರಿವರ್ಸಲ್ಲಿ ಬಂದ್ರಾ ಭಾವ?" ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಗುವೇ ಬಂತು. ಇಂಜಿನ್ನು ಆರಿಸಿ ಇಳಿದೆ. ಅವನೇ ಕಾಲಿಗೆ ನೀರು ಕೊಟ್ಟ. ಮೆಟ್ಟಿಲು ಹತ್ತಿ ಒಳಗೆ ಹೋಗಿ ಉಂಡೆ.

ಈ ಗಾಡಿಯಲ್ಲಿ ವಾಪಸ್ಸು ಹೋಗುವ ಮಾತೇ ಇಲ್ಲ ಎಂದು ಹೆಂಡತಿ ತೀರ್ಪು ಕೊಟ್ಟು, ಎರಡು ವರ್ಷದ ಬಾಕಿಗೂ ಸೇರಿಸಿ ಹನ್ನೆರಡು ದಿನ ತವರಿನಲ್ಲಿ ಉಳಿದಳು. ಅಷ್ಟು ದಿನ ನಾನು ಅವರ ಅಂಗಳದಲ್ಲಿ ಇಂಜಿನ್ನು ಕಳಚಿ ತಿರುಗಿಸಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ನಾನು ಕೇಳಿದ ಸ್ಪ್ಯಾನರನ್ನು ಒಂದು ಸಲವಾದರೂ ಸರಿಯಾಗಿ ಕೊಟ್ಟಿದ್ದರೆ ಹೇಳಿ. ಅಷ್ಟೊಂದು ಓದಿದವನು.