ಮೌಸ್ ಮುಟ್ಟದೆ ಕಾಯುವ ‘ಸ್ಕ್ರೀನ್ ಅಕ್ಕ’

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಶಿಶು ವಾರ್ಡಿನ ಮೇಜಿನ ಮುಂದೆ ಒಬ್ಬಾಕೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದಾರೆ. ಅಪ್ಪಿತಪ್ಪಿ ಮೌಸ್ ಮುಟ್ಟಿಬಿಟ್ಟೇನೆಂಬ ಭಯ ಅವರಿಗೆ. ಕೂಸುಗಳ ಆಮ್ಲಜನಕದ ಮಟ್ಟವನ್ನು ಗೆರೆಯಾಗಿ, ಅಂಕಿಯಾಗಿ ಬಿಡಿಸಿ ತೋರಿಸುವ ಈ ಪ್ರೋಗ್ರಾಂ ಬರೆದವರು ಇವರೇ. ವಾರ್ಡಿನವರ ಬಾಯಲ್ಲಿ ‘ಸ್ಕ್ರೀನ್ ಅಕ್ಕ’.

ನಿನ್ನೆ ಕಿಟಕಿ ಪಕ್ಕದ ತೊಟ್ಟಿಲಿನ ಮಗುವಿನ ಮಟ್ಟ ಕುಸಿಯುತ್ತಿದ್ದರೂ ಅಂಕಿ ಮಾತ್ರ ಎಲ್ಲ ಸರಿಯಿದೆ ಎಂಬಂತೆ ತೊಂಬತ್ತಾರರಲ್ಲೇ ಕದಲದೆ ಕೂತಿತ್ತು. ತುಟಿ ನೀಲಿಗಟ್ಟಿದ್ದು ನರ್ಸ್ ಕಣ್ಣಿಗೆ ಬಿತ್ತು, ಮಗು ಉಳಿಯಿತು. ಪಾಳಿಗೆ ಇಬ್ಬರೇ ನರ್ಸ್‌ಗಳಿರುವ ವಾರ್ಡಿದು. ದೋಷ ಸಿಗದಿದ್ದರೆ ಇವತ್ತೂ ಹಾಗೇ ಆಗಬಹುದು.

“ನಾನು ಬಂದು ನೋಡಿದಾಗೆಲ್ಲ ಸರಿಯಾಗೇ ಇರೋದು,” ಎನ್ನುತ್ತಾರೆ ಅಕ್ಕ. “ಕೂತ ತಕ್ಷಣ ಕ್ಲಿಕ್ ಮಾಡೋದು ನನ್ನ ಅಭ್ಯಾಸ. ಕ್ಲಿಕ್ ಮಾಡಿದ್ರೆ ಇಡೀ ಚಿತ್ರ ಹೊಸದಾಗಿ ಮೂಡುತ್ತೆ. ಡಂಗುರ ಹೊಡ್ಕೊಂಡು ಕಳ್ಳನ್ನ ಹಿಡಿಯೋಕೆ ಹೋದ ಹಾಗಾಯ್ತು.”

ಹಿರಿಯ ನರ್ಸ್ ತಲೆ ತಗ್ಗಿಸುತ್ತಾರೆ. “ಅಂಕಿ ನಿಂತ್ರೆ ನಾವೂ ಒಂದು ಕ್ಲಿಕ್ ಮಾಡ್ತಿದ್ವಿ, ಸರಿಹೋಗ್ತಿತ್ತು. ಇಷ್ಟಕ್ಕೆಲ್ಲ ದೂರು ಯಾಕೆ ಅಂತ ಸುಮ್ನಿದ್ವಿ.”

ಅಕ್ಕನ ಕೋಣೆ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕ. ಸೊಸೆಗೆ ಏನು ಕೆಲಸವೆಂದು ಯಾರಾದರೂ ಕೇಳಿದರೆ ಅತ್ತೆ “ಗೆರೆ ಎಳೀತಾಳೆ” ಎಂದು ಮುಗಿಸಿಬಿಡುತ್ತಾರಂತೆ. ಹೇಳಿ ನಗುವ ಅಕ್ಕನ ಕಣ್ಣು ಮಾತ್ರ ಪರದೆ ಬಿಟ್ಟು ಕದಲುವುದಿಲ್ಲ. ಹೀಗೆ ಕೈಕಟ್ಟಿ ಕೂತಾಗಲೇ ದೋಷ ಸಿಕ್ಕಿಬೀಳುತ್ತದೆ: ಗೆರೆ ಓಡುತ್ತಿದೆ, ಅಂಕಿ ನಿಂತಿದೆ.

ಪ್ರತಿ ಸಲ ಇಡೀ ಚಿತ್ರ ಬಿಡಿಸಿದರೆ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಅದಕ್ಕೇ, ಬದಲಾಗುವ ಭಾಗಕ್ಕೊಂದು ಚೌಕ ಗೊತ್ತುಮಾಡಿ ಅಷ್ಟನ್ನೇ ಮತ್ತೆ ಬಿಡಿಸು ಎಂದು ಅದಕ್ಕೆ ಹೇಳಿಟ್ಟಿರುತ್ತಾರೆ. ದೂರದಿಂದಲೂ ಕಾಣಲಿ ಎಂದು ನರ್ಸ್‌ಗಳು ಕೇಳಿದ್ದಕ್ಕೆ ಅಕ್ಕ ಇತ್ತೀಚೆಗೆ ಅಂಕಿಯನ್ನು ದೊಡ್ಡದು ಮಾಡಿ ಗೆರೆಯ ಮೇಲಕ್ಕೆ ಸರಿಸಿದ್ದರು. ಚೌಕವನ್ನು ಹಿಗ್ಗಿಸುವುದು ಮರೆತಿದ್ದರಿಂದ ಅಂಕಿ ಅದರ ಹೊರಗುಳಿದು, ಹಳೆಯದೇ ನಿಂತುಬಿಡುತ್ತಿತ್ತು. “ಒಳ್ಳೇದು ಮಾಡೋಕೆ ಹೋಗಿ ಎಡವಟ್ಟು ಮಾಡ್ಕೊಂಡೆ,” ಎನ್ನುತ್ತಾ ಕೀಬೋರ್ಡ್ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ತಿದ್ದುತ್ತಾರೆ. ಮತ್ತೆ ಕೈ ತೊಡೆಯಡಿ ಸೇರುತ್ತದೆ. ತೊಂಬತ್ತಾರು. ತೊಂಬತ್ತಾರು. ತೊಂಬತ್ತೈದು. ತೊಂಬತ್ತೊಂದು. ಹಿರಿಯ ನರ್ಸ್ ಕೂತಲ್ಲಿಂದಲೇ ಅದನ್ನು ಕಂಡು ಓಡುತ್ತಾರೆ, ಮಗುವಿನ ಮೂಗಿನಿಂದ ಜಾರಿದ್ದ ಆಮ್ಲಜನಕದ ನಳಿಕೆಯನ್ನು ಸರಿಪಡಿಸುತ್ತಾರೆ.

ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ. “ಎಲ್ರಿಗೂ ಅಂಕಿ ಏರಿದ್ರೆ ಸಂತೋಷ. ನಂಗೆ ಇಳಿಯೋ ಹೊತ್ತಲ್ಲಿ ಅದು ಇಳಿದ್ರೆ ಸಾಕು.”